ಮಗು ಸುಳ್ಳು ಹೇಳಿದರೆ ಎರಡೇಟು ಕೊಟ್ಟರೆ ಸರಿಹೋಗುತ್ತದೆಯೇ?

ಪ್ರಶ್ನೆ: ನಮ್ಮ ಮಗನಿಗೆ ನಾಲ್ಕೂವರೆ ವರ್ಷ. ತುಟಿಗೆಲ್ಲ ಸಕ್ಕರೆ ಮೆತ್ತಿಕೊಂಡು ‘ನಾನು ತಿಂದೇ ಇಲ್ಲ’ ಅನ್ನುತ್ತಾನೆ. ಈಗಲೇ ಎರಡು ಬಿಗಿಯದಿದ್ದರೆ ಕೈಮೀರುತ್ತಾನೆ ಅನ್ನುತ್ತಾರೆ ಅತ್ತೆ. ಏನು ಮಾಡಲಿ?

ಉತ್ತರ: ದಯವಿಟ್ಟು ಹೊಡೆಯಬೇಡಿ. ಏಟು ಬಿದ್ದಷ್ಟೂ ಸುಳ್ಳು ನಯವಾಗುತ್ತದೆ.

ತನಗೆ ಗೊತ್ತಿರುವುದೆಲ್ಲ ಅಮ್ಮನಿಗೆ ಗೊತ್ತಿರುವುದಿಲ್ಲ ಎಂದು ಹೊಳೆದ ಮೇಲೆಯೇ ಮಗು ಸುಳ್ಳು ಹೇಳಲು ಸಾಧ್ಯ. ಅಂದರೆ ನಿಮ್ಮ ಮಗನ ಬುದ್ಧಿ ಸರಿಯಾಗಿಯೇ ಬೆಳೆಯುತ್ತಿದೆ. ತುಟಿ ಒರೆಸಿಕೊಳ್ಳಬೇಕೆಂದು ಇನ್ನೂ ಹೊಳೆದಿಲ್ಲ, ಅಷ್ಟೆ.

ಅದನ್ನು ಹೊಳೆಯಿಸುವುದೇ ಭಯ. ಮನೋವಿಜ್ಞಾನಿಗಳಾದ ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಪುಟ್ಟ ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಶಾಲೆಯಲ್ಲಿ ಬೆತ್ತದ ಏಟು ಮಾಮೂಲು, ಇನ್ನೊಂದರಲ್ಲಿ ಹೊಡೆಯುತ್ತಿರಲಿಲ್ಲ. ಮಗುವಿನ ಬೆನ್ನ ಹಿಂದೆ ಆಟಿಕೆ ಇಟ್ಟು, ‘ತಿರುಗಿ ನೋಡಬೇಡ’ ಎಂದು ಹೇಳಿ ದೊಡ್ಡವರು ಹೊರಗೆ ಹೋಗುತ್ತಿದ್ದರು. ಎರಡೂ ಕಡೆ ಬಹುತೇಕ ಮಕ್ಕಳು ನೋಡಿಯೇಬಿಟ್ಟರು. ಕೇಳಿದಾಗ ‘ನೋಡಿಲ್ಲ’ ಅಂದವರು ಏಟಿನ ಶಾಲೆಯಲ್ಲೇ ಹೆಚ್ಚು. ‘ಹಾಗಾದರೆ ಅದು ಯಾವ ಆಟಿಕೆ ಇರಬಹುದು?’ ಎಂಬ ಪ್ರಶ್ನೆಗೆ ಬಾಯಿತಪ್ಪಿ ನಿಜ ಹೇಳದೆ ಜಾರಿಕೊಂಡವರೂ ಅವರೇ. ಮೂರ್ನಾಲ್ಕು ವರ್ಷದ ಮಕ್ಕಳು ಇಷ್ಟು ಹುಷಾರಾಗಬೇಕಾದರೆ ಎಷ್ಟು ಹೆದರಿರಬೇಕು!

ಕಥೆ ಹೇಳಿ ಹೆದರಿಸುವುದೂ ಅಷ್ಟಕ್ಕಷ್ಟೆ. ನಮ್ಮಲ್ಲಿ ‘ಹುಲಿ ಬಂತು ಹುಲಿ’ ಎಂದು ಹೇಳುವ ಕಥೆಯ ತೋಳದ ರೂಪವನ್ನು ಕಾಂಗ್ ಲೀ ತಂಡ 3ರಿಂದ 7 ವರ್ಷದ ಮಕ್ಕಳಿಗೆ ಹೇಳಿ ನೋಡಿತು. ಸುಳ್ಳು ಕಡಿಮೆಯಾಗಲಿಲ್ಲ. ಮರ ಕಡಿದದ್ದನ್ನು ಒಪ್ಪಿಕೊಂಡು ಅಪ್ಪನಿಂದ ಮೆಚ್ಚುಗೆ ಪಡೆದ ಬಾಲಕ ಜಾರ್ಜ್ ವಾಷಿಂಗ್ಟನ್‌ನ (ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದವನು) ದಂತಕಥೆ ಕೇಳಿದವರು ಹೆಚ್ಚು ನಿಜ ಹೇಳಿದರು.

ಹಾಗಾಗಿ, ಕಣ್ಣೆದುರೇ ಕಾಣುತ್ತಿರುವಾಗ ‘ತಿಂದೆಯಾ?’ ಎಂದು ಕೇಳಿ ಮಗುವನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ‘ಸಕ್ಕರೆ ತಿಂದಿದ್ದೀಯ, ಬಾಯಿ ತೊಳೆದುಕೋ, ಬೇಕಾದಾಗ ನನ್ನನ್ನು ಕೇಳು’ ಎಂದರೆ ಸಾಕು. ತಾನಾಗಿ ಒಪ್ಪಿಕೊಂಡ ದಿನ ‘ನಿಜ ಹೇಳಿದೆಯಲ್ಲ, ಖುಷಿಯಾಯಿತು’ ಎಂದು ಬಾಯಿಬಿಟ್ಟು ಹೇಳಿ.

ಇನ್ನೊಂದು ಮಾತು, ಇದು ದೊಡ್ಡವರಿಗೆ. ಪಕ್ಕದ ಕೋಣೆಯಲ್ಲಿ ಬಟ್ಟಲು ತುಂಬ ಮಿಠಾಯಿ ಇದೆ ಎಂದು ಮಕ್ಕಳನ್ನು ಕರೆದು, ಆಮೇಲೆ ‘ಸುಮ್ಮನೆ ಹೇಳಿದ್ದು’ ಎಂದು ಒಪ್ಪಿಕೊಂಡ ಅಮೆರಿಕದ ಒಂದು ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಹೀಗೆ ಮೋಸಹೋದ 5ರಿಂದ 7 ವರ್ಷದ ಮಕ್ಕಳು ಮೋಸಹೋಗದವರಿಗಿಂತ ಹೆಚ್ಚು ಸುಳ್ಳು ಹೇಳಿದರು. ನಿಮ್ಮ ಮಗ ಆ ವಯಸ್ಸಿನ ಹೊಸ್ತಿಲಲ್ಲಿದ್ದಾನೆ. ಫೋನ್ ಬಂದಾಗ ‘ಅಪ್ಪ ಮನೇಲಿಲ್ಲ ಅನ್ನು’ ಎಂದು ಅವನ ಕೈಗೆ ಕೊಡುವುದನ್ನೂ, ಇಂಜೆಕ್ಷನ್‌ಗೆ ಮುಂಚೆ ‘ಚೂರೂ ನೋಯಲ್ಲ’ ಅನ್ನುವುದನ್ನೂ ಇವತ್ತೇ ನಿಲ್ಲಿಸಿ.