ಮೈಕು ಬಂದ ಮೇಲೆ ಕನ್ನಡದ ಕಂಠ

ಕಂಪನಿ ನಾಟಕದ ಗಾಯಕನಟರಿಗೆ ಕೊನೆಯ ಸಾಲಿನವರೆಗೂ ದನಿ ಮುಟ್ಟಿಸುವುದೇ ಮೊದಲ ಪರೀಕ್ಷೆ. ಅದಕ್ಕಾಗಿಯೇ ಏರು ಶ್ರುತಿ, ತೆರೆದ ಗಂಟಲು. 1934ರ ‘ಸತಿ ಸುಲೋಚನಾ’ದಿಂದ ಕನ್ನಡ ಟಾಕಿ ಶುರುವಾದಾಗ ಈ ಶೈಲಿಯೇ ತೆರೆಗೂ ಬಂತು. ಹಿನ್ನೆಲೆ ಗಾಯನ ನೆಲೆಯೂರಿದ ಮೇಲೆ ಕೇಳುಗ ದೂರ ಉಳಿಯಲಿಲ್ಲ, ಮೈಕು ಬಾಯಿಯ ಮುಂದೆಯೇ ಇತ್ತು.

ಇದನ್ನು ಪೂರ್ತಿ ದುಡಿಸಿಕೊಂಡವರು ಪಿ.ಬಿ. ಶ್ರೀನಿವಾಸ್. ಒಂದೇ ದಿಕ್ಕಿನ ದನಿ ಹಿಡಿಯುವ ಮೈಕಿಗೆ ಹತ್ತಿರವಾದಷ್ಟೂ ಮಂದ್ರ ತುಂಬಿಕೊಳ್ಳುತ್ತದೆ. ಗಂಟಲು ಒತ್ತದೆಯೇ ಕೆಳಸ್ವರ ಗಟ್ಟಿಯಾಗಿ ಕೇಳುತ್ತದೆ. ತೀರಾ ಹತ್ತಿರ ಹೋದರೆ ಅಕ್ಷರಗಳು ಮಸುಕಾಗುತ್ತವೆ. ಸಾಮಾನ್ಯವಾಗಿ ಅರ್ಧ ಗೇಣಿನಿಂದ ಒಂದು ಗೇಣು ಅಂತರ ಸರಿ. ತಾರಸ್ವರಕ್ಕೆ ತುಸು ಹಿಂದೆ ಸರಿಯಬೇಕು, ಇಲ್ಲವಾದರೆ ದನಿ ಒಡೆಯುತ್ತದೆ. ಕನ್ನಡದ ನಿಜವಾದ ತೊಡಕು ಮಹಾಪ್ರಾಣಗಳದ್ದು. ‘ಭ’, ‘ಫ’ಗಳ ಉಸಿರು ನೇರ ಬಡಿದರೆ ‘ಧಬ್’ ಎನ್ನುತ್ತದೆ. ಮೈಕಿನ ಮುಂದೆ ಮೂರ್ನಾಲ್ಕು ಬೆರಳು ದೂರಕ್ಕೆ ತೆಳು ಬಟ್ಟೆಯ ತೆರೆ ಕಟ್ಟಿ, ಮುಖವನ್ನು ಚೂರು ಓರೆ ಮಾಡಿದರೆ ಅದು ತಗ್ಗುತ್ತದೆ. ಉಸಿರಿಗೆ ಹೆದರಿ ‘ಭಾವ’ವನ್ನು ‘ಬಾವ’ ಮಾಡುವುದು ಪರಿಹಾರವಲ್ಲ.

ಆಗ ವಾದ್ಯಗಳೂ ಗಾಯಕರೂ ಒಟ್ಟಿಗೇ ರೆಕಾರ್ಡಿಂಗ್. ಕೊನೆಯ ಚರಣದಲ್ಲಿ ಪಿಟೀಲು ತಪ್ಪಿದರೂ ಮತ್ತೆ ಪಲ್ಲವಿಯಿಂದ! ಎಷ್ಟನೇ ಟೇಕಿನಲ್ಲೂ ಮೊದಲ ಸಲದ ತಾಜಾತನ ಉಳಿಸಿಕೊಳ್ಳುವ ಕಸುವು ಆ ಪೀಳಿಗೆಯ ದೊಡ್ಡ ಆಸ್ತಿ.

1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿದ ಗಂಟಲು ಅದು, ಆದರೆ ಮೈಕಿಗೂ ಒಗ್ಗಿತ್ತು. ಮಾತು ಮುಗಿದು ಹಾಡು ಹುಟ್ಟುವಲ್ಲಿ ಬೆಸುಗೆಯೇ ಕಾಣದು. ಅಷ್ಟು ಸ್ಪಷ್ಟವಾಗಿ ಕನ್ನಡದ ಒತ್ತಕ್ಷರ ನುಡಿದ ಜನಪ್ರಿಯ ಕಂಠ ಇನ್ನೊಂದಿಲ್ಲ ಎಂದೇ ಹೇಳಬೇಕು. 1967ರಲ್ಲಿ ಕನ್ನಡಕ್ಕೆ ಬಂದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಶಾಸ್ತ್ರೀಯವಾಗಿ ಕಲಿತವರಲ್ಲ. ನಟನಿಗೆ ತಕ್ಕಂತೆ ದನಿಯ ಬಣ್ಣ ಬದಲಿಸಿ, ನಗು, ಬಿಕ್ಕುಗಳನ್ನೂ ಶ್ರುತಿಯಲ್ಲೇ ಇಟ್ಟರು. ಎಸ್. ಜಾನಕಿಯವರ ಕಂಠದಲ್ಲಿ ಮಗುವೂ ಹಾಡಿತು.

ಈಗ ಸಾಲುಸಾಲಾಗಿ ಹಾಡಿ ಜೋಡಿಸಬಹುದು. 1997ರಲ್ಲಿ ಬಂದ ಆಟೋ-ಟ್ಯೂನ್‌ನಂಥ ತಂತ್ರಾಂಶ ಅಪಸ್ವರವನ್ನೂ ತಿದ್ದುತ್ತದೆ. ಆದರೆ ‘ಳ’ ಇರಬೇಕಾದಲ್ಲಿ ‘ಲ’ ಹಾಡಿದರೆ, ಪದದ ನಡುವೆ ಉಸಿರು ಕತ್ತರಿಸಿದರೆ ಅದನ್ನು ತಿದ್ದದು. ಯಾವುದೇ ಹಾಡನ್ನು ವಾಲ್ಯೂಮ್ ತೀರಾ ತಗ್ಗಿಸಿ ಕೇಳಿ. ಆಗಲೂ ಸಾಹಿತ್ಯ ಬರೆದುಕೊಳ್ಳಲು ಬಂದರೆ ಗಾಯಕರ ನಾಲಿಗೆ, ಉಸಿರು ಎರಡೂ ಸರಿಯಿವೆ.