ವರ್ಡ್ ಸ್ಲೋ ಅಂದರೆ ಯಾವಾಗ ಸ್ಲೋ? (ಹಳೇ ಕಂಪ್ಯೂಟರು, ನುಡಿ ಫೈಲು, ಕೆಂಪು ಗೆರೆ)

ಹಾಸನದಲ್ಲಿ ನಮ್ಮ ಜೊತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ನಮ್ಮಲ್ಲಿ ಬಹಳ ಜನ ಅಭ್ಯಾಸ ಮಾಡುವುದು ಮಕ್ಕಳ ಓದಿಗೆಂದು ಯಾವಾಗಲೋ ತಂದಿಟ್ಟ ಮನೆಯ ಕಂಪ್ಯೂಟರಿನಲ್ಲಿ: 4 ಜಿಬಿ ರ್‍ಯಾಮು, ತಿರುಗುವ ಹಾರ್ಡ್ ಡಿಸ್ಕು, ವಿಂಡೋಸ್ 10, ವರ್ಡ್ 2010. ಬೋಲ್ಡ್ ಮಾಡುವುದು, ಟೇಬಲ್ ಹಾಕುವುದು ಎಲ್ಲರಿಗೂ ಗೊತ್ತು, ಅದನ್ನು ಬಿಟ್ಟಿದ್ದೇನೆ. ರಿಪೇರಿಗೆ ಒಯ್ದರೆ ಮೊದಲು ಸಿಗುವ ಸಲಹೆ ‘ಫಾರ್ಮ್ಯಾಟ್ ಮಾಡಿಸಿ’ ಅಂತ. ಅದಕ್ಕೆ ಒಪ್ಪುವ ಮುಂಚೆ ನೋಡಬೇಕಾದ್ದು ಸಾಕಷ್ಟಿದೆ.

ಮೊದಲ ಪ್ರಶ್ನೆ

ಸ್ಲೋ ಅನ್ನುವುದು ಒಂದೇ ತೊಂದರೆ ಅಲ್ಲ. ವರ್ಡ್ ತೆರೆದುಕೊಳ್ಳುವುದೇ ತಡವೋ? ಒತ್ತಿದ ಅಕ್ಷರ ತಡವಾಗಿ ಬೀಳುತ್ತದೋ? ಪುಟ ಸರಿಸುವಾಗ ಸಿಕ್ಕಿಕೊಳ್ಳುತ್ತದೋ? ಸೇವ್ ಕೊಟ್ಟಾಗ ನಿಂತುಬಿಡುತ್ತದೋ? ಒಂದೊಂದಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಖಾಲಿ ಫೈಲ್ ತೆರೆದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಟೈಪ್ ಮಾಡಿ ನೋಡಿ. ಅಲ್ಲಿ ಸರಾಗವಾಗಿ ಹೋದರೆ ಹುಡುಕಬೇಕಾದ್ದು ನಿಮ್ಮ ಫೈಲಿನಲ್ಲಿ, ಕಂಪ್ಯೂಟರಿನಲ್ಲಲ್ಲ. ಖಾಲಿ ಫೈಲಿನಲ್ಲೂ ತಡವರಿಸಿದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಕಾಲಂ 100%ಕ್ಕೆ ಅಂಟಿಕೊಂಡು ಕೂತಿದ್ದರೆ ಹಿಂದೆ ವಿಂಡೋಸ್ ಅಪ್‌ಡೇಟೋ ಆಂಟಿವೈರಸ್ ಸ್ಕ್ಯಾನೋ ನಡೆಯುತ್ತಿರಬಹುದು. ಕಾಫಿ ಕುಡಿದು ಬಂದು ನೋಡಿ. ಕಂಪ್ಯೂಟರ್ ಆನ್ ಆದ ಕೂಡಲೇ ವರ್ಡಿನ ಮೇಲೆ ತೀರ್ಪು ಕೊಡಬೇಡಿ.

ತೆರೆದುಕೊಳ್ಳುವಾಗ ತಡ

ಇಲ್ಲಿ ಯಾರೂ ಅನುಮಾನಿಸದ ಆಸಾಮಿ ಪ್ರಿಂಟರು. ಸಾಲು ಎಲ್ಲಿ ಮುರಿಯಬೇಕು, ಪುಟ ಎಲ್ಲಿ ಮುಗಿಯಬೇಕು ಅಂತ ಲೆಕ್ಕ ಹಾಕಲು ವರ್ಡ್ ಡೀಫಾಲ್ಟ್ ಪ್ರಿಂಟರಿನ (ಬೇರೆ ಹೇಳದಿದ್ದರೆ ತಾನಾಗಿ ಬಳಸುವ ಪ್ರಿಂಟರಿನ) ಡ್ರೈವರನ್ನು, ಅಂದರೆ ಅದನ್ನು ನಡೆಸುವ ತಂತ್ರಾಂಶವನ್ನು, ವಿಚಾರಿಸುತ್ತದೆ. ಆಫೀಸಿನ ನೆಟ್‌ವರ್ಕ್ ಪ್ರಿಂಟರು ಡೀಫಾಲ್ಟ್ ಆಗಿರುವ ಲ್ಯಾಪ್‌ಟಾಪನ್ನು ಮನೆಗೆ ತಂದರೆ, ಅಲ್ಲಿ ಇಲ್ಲದ ಪ್ರಿಂಟರಿನ ಉತ್ತರಕ್ಕೆ ಅದು ಕಾಯುತ್ತ ಕೂರುತ್ತದೆ. ಸೆಟ್ಟಿಂಗ್ಸ್‌ನ ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್‌ಗೆ ಹೋಗಿ, ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನೋಡಿಕೊಳ್ಳಲಿ ಅನ್ನುವ ಟಿಕ್ ತೆಗೆದು, ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಅನ್ನು ಡೀಫಾಲ್ಟ್ ಮಾಡಿ. ಆಮೇಲೆ ಪ್ರಿಂಟ್ ಕೊಡುವಾಗ ನಿಜವಾದ ಪ್ರಿಂಟರನ್ನು ಆರಿಸಿಕೊಂಡರಾಯಿತು.

ಅದಾದ ಮೇಲೂ ತಡವಾದರೆ ಕಂಟ್ರೋಲ್ ಕೀ ಒತ್ತಿ ಹಿಡಿದೇ ವರ್ಡ್ ಐಕಾನ್ ತೆರೆಯಿರಿ. ಸೇಫ್ ಮೋಡ್ ಬೇಕೇ ಅಂತ ಕೇಳುತ್ತದೆ, ಹೂಂ ಅನ್ನಿ. ಸೇಫ್ ಮೋಡಿನಲ್ಲಿ ಚುರುಕಾಗಿದ್ದರೆ ತಪ್ಪು ವರ್ಡಿಗೆ ಅಂಟಿಕೊಂಡಿರುವ ಹೆಚ್ಚುವರಿ ತಂತ್ರಾಂಶಗಳಾದ ಆಡ್-ಇನ್‌ಗಳದ್ದು ಇರಬಹುದು. ಫೈಲ್, ಆಪ್ಷನ್ಸ್, ಆಡ್-ಇನ್ಸ್. ಕೆಳಗೆ ‘ಕಾಮ್ ಆಡ್-ಇನ್ಸ್’ ಆರಿಸಿ ಗೋ ಒತ್ತಿ. ಪಿಡಿಎಫ್ ಮಾಡುವುದು, ಬ್ಲೂಟೂತ್‌ಗೆ ಕಳಿಸುವುದು ಅಂತ ಕೇಳದೆ ಬಂದು ಸೇರಿಕೊಂಡವುಗಳ ಟಿಕ್ ಒಂದೊಂದಾಗಿ ತೆಗೆದು ನೋಡಿ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಯಾವುದರಿಂದ ಅಂತ ತಿಳಿಯುವುದಿಲ್ಲ.

ಟೈಪ್ ಮಾಡುವಾಗ ತಡ: ಇದನ್ನೇ ಉದ್ದಕ್ಕೆ ಬರೆಯುತ್ತೇನೆ

ಈ ಭಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಇಂಗ್ಲಿಷ್ ಪತ್ರ ಸಲೀಸಾಗಿ ಹೋಗುತ್ತದೆ. ಅದೇ ಕಂಪ್ಯೂಟರಿನಲ್ಲಿ ನುಡಿಯಲ್ಲಿ (ಕನ್ನಡ ಟೈಪ್ ಮಾಡುವ ತಂತ್ರಾಂಶ) ಟೈಪ್ ಮಾಡಿದ ನಲವತ್ತು ಪುಟದ ನಡಾವಳಿ ತೆರೆದರೆ ಅಕ್ಷರ ತೆವಳುತ್ತದೆ. ಕನ್ನಡಕ್ಕೆ ಕಂಪ್ಯೂಟರಿಗೇ ಕಷ್ಟವಾಗುತ್ತದೆ ಅಂದುಕೊಳ್ಳುವವರಿದ್ದಾರೆ. ವಿಷಯ ಅದಲ್ಲ.

ಪರೀಕ್ಷಿಸಲು ಹೀಗೆ ಮಾಡಿ. ‘ನುಡಿ 01 ಇ’ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ, ಅದನ್ನು ಆಯ್ದು ಫಾಂಟನ್ನು ಟೈಮ್ಸ್ ನ್ಯೂ ರೋಮನ್‌ಗೆ ಬದಲಿಸಿ. ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಎಸ್, ಸಣ್ಣ ಕ್ಯೂ, ಮತ್ತೆ ಎ. ಫೈಲಿನೊಳಗೆ ನಿಜಕ್ಕೂ ಇರುವುದು ಇವೇ. ಕನ್ನಡ ಇರುವುದು ಫಾಂಟಿನ ಚಿತ್ರಗಳಲ್ಲಿ ಮಾತ್ರ. ವರ್ಡ್ ಇದನ್ನು ಇಂಗ್ಲಿಷ್ ಅಂತ ತಿಳಿದು ಇಂಗ್ಲಿಷ್ ನಿಘಂಟಿನಲ್ಲಿ ಹುಡುಕುತ್ತದೆ. ಕನ್ನಡ ಬಾರದ ಮೇಷ್ಟ್ರ ಕೈಗೆ ಕನ್ನಡದ ಉತ್ತರ ಪತ್ರಿಕೆ ಕೊಟ್ಟ ಹಾಗೆ: ಪ್ರತಿ ಪದಕ್ಕೂ ಕೆಂಪು ಗೆರೆ. ನೀವು ಟೈಪ್ ಮಾಡುತ್ತಿರುವಷ್ಟು ಹೊತ್ತೂ ಹಿಂದೆ ಈ ತಿದ್ದಾಟ ನಡೆದೇ ಇರುತ್ತದೆ. ಹಳೇ ಪ್ರೊಸೆಸರಿಗೆ ಅದು ಹೊರೆ. ಕೊನೆಗೆ ತಪ್ಪುಗಳು ತೋರಿಸಲಾಗದಷ್ಟು ಹೆಚ್ಚಾಗಿವೆ ಅಂತ ವರ್ಡೇ ಕೈಚೆಲ್ಲಿ ಒಂದು ಸಂದೇಶ ಕೊಡುತ್ತದೆ. ಆ ಸಂದೇಶ ನಿಮ್ಮಲ್ಲಿ ಬಂದಿದ್ದರೆ ಇದೇ ಕಾರಣ ಅಂತ ಖಾತ್ರಿ ಮಾಡಿಕೊಳ್ಳಿ.

ಮದ್ದು: ಕಂಟ್ರೋಲ್ ಜೊತೆ ಎ ಒತ್ತಿ ಎಲ್ಲವನ್ನೂ ಆಯ್ದುಕೊಂಡು, ರಿವ್ಯೂ, ಲ್ಯಾಂಗ್ವೇಜ್, ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್. ಬರುವ ಪೆಟ್ಟಿಗೆಯಲ್ಲಿ ‘ಡು ನಾಟ್ ಚೆಕ್ ಸ್ಪೆಲಿಂಗ್ ಆರ್ ಗ್ರಾಮರ್’ ಅಂತ ಒಂದು ಚೌಕ ಇದೆ.

ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಆ ಚೌಕಕ್ಕೆ ಮೂರು ಸ್ಥಿತಿ. ಖಾಲಿ ಇದ್ದರೆ ಎಲ್ಲ ಪಠ್ಯವನ್ನೂ ಪರೀಕ್ಷಿಸು ಎಂದರ್ಥ. ಟಿಕ್ ಇದ್ದರೆ ಯಾವುದನ್ನೂ ಪರೀಕ್ಷಿಸಬೇಡ ಎಂದು. ಚೌಕ ಪೂರ್ತಿ ತುಂಬಿಕೊಂಡು ಕಂಡರೆ, ಆಯ್ದ ಪಠ್ಯದಲ್ಲಿ ಕೆಲವು ಭಾಗ ಹೀಗೆ, ಕೆಲವು ಹಾಗೆ, ಬೆರಕೆ ಎಂದು. ಬೇರೆಬೇರೆ ಫೈಲಿನಿಂದ ತಂದು ಅಂಟಿಸಿದ ನಡಾವಳಿಯಲ್ಲಿ ಸಾಮಾನ್ಯವಾಗಿ ಕಾಣುವುದು ಈ ಮೂರನೆಯದು. ತುಂಬಿದ ಚೌಕವನ್ನೇ ಟಿಕ್ ಅಂದುಕೊಂಡು ಓಕೆ ಒತ್ತಿದರೆ ಏನೂ ಬದಲಾಗುವುದಿಲ್ಲ, ಕೆಂಪು ಗೆರೆ ಹಾಗೇ ಇರುತ್ತದೆ. ಸ್ಪಷ್ಟವಾಗಿ ಟಿಕ್ ಗುರುತು ಕಾಣುವವರೆಗೆ ಕ್ಲಿಕ್ ಮಾಡಿ. ಅದರ ಕೆಳಗಿನ ‘ಡಿಟೆಕ್ಟ್ ಲ್ಯಾಂಗ್ವೇಜ್ ಆಟೊಮ್ಯಾಟಿಕಲಿ’ಯ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಹೊಸದಾಗಿ ಟೈಪ್ ಮಾಡಿದ್ದನ್ನು ಮತ್ತೆ ಇಂಗ್ಲಿಷಿಗೆ ಸೇರಿಸಿಬಿಡಬಹುದು. ಆಮೇಲೆ ಓಕೆ.

ಹೆಡರ್, ಅಡಿಟಿಪ್ಪಣಿ, ಟೆಕ್ಸ್ಟ್ ಬಾಕ್ಸ್‌ಗಳು ಕಂಟ್ರೋಲ್-ಎಗೆ ಸಿಗುವುದಿಲ್ಲ. ಅವುಗಳೊಳಗೆ ಹೋಗಿ ಬೇರೆಯಾಗಿ ಮಾಡಬೇಕು.

‘ಇಷ್ಟೆಲ್ಲ ಯಾಕೆ, ಆಪ್ಷನ್ಸ್‌ನ ಪ್ರೂಫಿಂಗಿಗೆ ಹೋಗಿ ಚೆಕ್ ಸ್ಪೆಲಿಂಗ್ ಆ್ಯಸ್ ಯು ಟೈಪ್ ತೆಗೆದುಬಿಟ್ಟರೆ ಸಾಲದೇ?’ ಅಂತ ಕೇಳಬಹುದು. ಸಾಕು, ಕೆಲಸವೂ ಬೇಗ. ಆದರೆ ಇಂಗ್ಲಿಷ್ ಪತ್ರಕ್ಕೂ ಆ ಕೆಂಪು ಗೆರೆ ಹೋಗುತ್ತದೆ, ಮನೆಯಲ್ಲಿ ಮಗಳು ಪ್ರಾಜೆಕ್ಟ್ ಬರೆಯುವಾಗ ಬೈಸಿಕೊಳ್ಳುವವರು ನೀವೇ. ಅಲ್ಲೇ ಕೆಳಗಿರುವ ‘ಈ ಫೈಲಿನಲ್ಲಿ ಮಾತ್ರ ತಪ್ಪು ಮರೆಮಾಡು’ ಅನ್ನುವುದು ಹೆಸರಿಗೆ ತಕ್ಕಂತೆ ಗೆರೆಯನ್ನು ಮರೆಮಾಡುತ್ತದೆ ಅಷ್ಟೇ.

ನನಗೆ ಹಿಡಿಸಿದ ದಾರಿ ಸ್ಟೈಲ್, ಅಂದರೆ ಫಾಂಟು, ಭಾಷೆ ಮುಂತಾದ ಆಯ್ಕೆಗಳನ್ನು ಒಂದೇ ಹೆಸರಿನಡಿ ಉಳಿಸಿಡುವುದು. ‘ನುಡಿ’ ಅಂತ ಹೊಸ ಸ್ಟೈಲ್ ಮಾಡಿ, ಫಾಂಟ್ ನುಡಿ 01 ಇ ಕೊಟ್ಟು, ಮಾಡಿಫೈ ಪೆಟ್ಟಿಗೆಯ ಕೆಳಗಿನ ಫಾರ್ಮ್ಯಾಟ್ ಗುಂಡಿಯಲ್ಲಿ ಲ್ಯಾಂಗ್ವೇಜ್ ಆರಿಸಿ ಅದೇ ಟಿಕ್ ಹಾಕಿ. ಅಲ್ಲೇ ‘ನ್ಯೂ ಡಾಕ್ಯುಮೆಂಟ್ಸ್ ಬೇಸ್ಡ್ ಆನ್ ದಿಸ್ ಟೆಂಪ್ಲೇಟ್’ ಆರಿಸಿದರೆ ಮುಂದಿನ ಫೈಲುಗಳಲ್ಲೂ ಸ್ಟೈಲ್ ಸಿಗುತ್ತದೆ. ಕನ್ನಡದ ಪ್ಯಾರಾಗಳಿಗೆ ಈ ಸ್ಟೈಲ್, ಇಂಗ್ಲಿಷಿಗೆ ನಾರ್ಮಲ್. ಒಂದೇ ಪತ್ರದಲ್ಲಿ ಎರಡೂ ಇದ್ದರೂ ಇಂಗ್ಲಿಷ್ ಭಾಗದ ತಪ್ಪು ಮಾತ್ರ ತೋರಿಸುತ್ತದೆ. ಸ್ಟೈಲ್ ಕೊಟ್ಟರೂ ಹಠ ಹಿಡಿದ ಪ್ಯಾರಾ ಇದ್ದರೆ ಅದನ್ನು ಆಯ್ದು ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿ. ಬೋಲ್ಡ್ ಇದ್ದರೆ ಅದೂ ಅಳಿಸುತ್ತದೆ, ಎಚ್ಚರ.

ಇದೇ ಜಾಗದ ಇನ್ನೊಂದು ಕಾಟ ಆಟೋಕರೆಕ್ಟ್. ಇಂಗ್ಲಿಷ್ ವಾಕ್ಯದ ಮೊದಲ ಅಕ್ಷರ ದೊಡ್ಡದು ಮಾಡುವ ಚಟ ಅದಕ್ಕೆ. ನುಡಿಯಲ್ಲಿ ಸಣ್ಣ ಕ್ಯೂ ಅಂದರೆ ‘ಡ’ದ ಭಾಗ, ದೊಡ್ಡ ಕ್ಯೂ ಅಂದರೆ ‘ಕಿ’. ‘ಡ’ದಿಂದ ಶುರುವಾದ ವಾಕ್ಯ ‘ಕಿ’ ಆಗಿ ಕೂತರೆ ನಿಮ್ಮ ಬೆರಳಿನ ತಪ್ಪಲ್ಲ. ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್‌ನಲ್ಲಿ ದೊಡ್ಡಕ್ಷರಕ್ಕೆ ಸಂಬಂಧಿಸಿದ ಟಿಕ್‌ಗಳನ್ನು ತೆಗೆಯಿರಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆಬೇರೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿರುವುದರಿಂದ ಈ ಅವಾಂತರ ಇಲ್ಲ. ಹೊಸದಾಗಿ ಬರೆಯುವುದನ್ನು ಅದರಲ್ಲೇ ಬರೆಯಿರಿ ಅಂತ ನನ್ನ ಮಾತು, ಆದರೆ ಹಳೇ ಫೈಲುಗಳು ಕೈಯಿಂದ ಕೈಗೆ ಬರುತ್ತಲೇ ಇರುತ್ತವೆ.

ಪುಟ ಸರಿಸುವಾಗ ತಡ

ಫೋಟೋ. ಬೇಲೂರಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ದ ವರದಿಗೆ ಫೋನಿನ ಚಿತ್ರಗಳನ್ನು ಹಾಗೇ ತುಂಬಿದ ಫೈಲ್ ತೆಗೆದುಕೊಳ್ಳಿ. 12 ಮೆಗಾಪಿಕ್ಸೆಲ್ ಫೋಟೋ ಡಿಸ್ಕಿನಲ್ಲಿ 4 ಎಂಬಿ ಇರಬಹುದು, ತೆರೆಯ ಮೇಲೆ ತೋರಿಸಲು ಬಿಚ್ಚಿದಾಗ ಪಿಕ್ಸೆಲ್‌ಗೆ 3 ಬೈಟಿನಂತೆ 36 ಎಂಬಿ ಆಗುತ್ತದೆ. ಇಂಥ ಹದಿನೈದು ಬಿಚ್ಚಿಕೊಂಡರೆ 540 ಎಂಬಿ. 4 ಜಿಬಿ ಕಂಪ್ಯೂಟರಿನಲ್ಲಿ ವಿಂಡೋಸ್ ತನ್ನ ಪಾಲು ತೆಗೆದುಕೊಂಡ ಮೇಲೆ ಇದು ಸಣ್ಣ ಮೊತ್ತವಲ್ಲ. ಮೂಲೆ ಹಿಡಿದು ಚಿತ್ರವನ್ನು ಚಿಕ್ಕದು ಮಾಡಿದರೆ ಕಾಣುವುದು ಚಿಕ್ಕದು, ಒಳಗಿನ ಭಾರ ಅಷ್ಟೇ. ಕ್ರಾಪ್ ಮಾಡಿದ ಭಾಗವೂ ಒಳಗೇ ಇರುತ್ತದೆ. ಚಿತ್ರದ ಮೇಲೆ ಕ್ಲಿಕ್ ಮಾಡಿ, ಫಾರ್ಮ್ಯಾಟ್, ಕಂಪ್ರೆಸ್ ಪಿಕ್ಚರ್ಸ್. ‘ಈ ಚಿತ್ರಕ್ಕೆ ಮಾತ್ರ’ ಎಂಬ ಟಿಕ್ ತೆಗೆದು, ಕ್ರಾಪ್ ಮಾಡಿದ ಭಾಗ ಅಳಿಸು ಎಂಬುದಕ್ಕೆ ಟಿಕ್ ಹಾಕಿ, 150 ಪಿಪಿಐ ಆರಿಸಿ. ಮೂಲ ಫೋಟೋ ಬೇರೆ ಕಡೆ ಇದೆಯೇ ಅಂತ ನೋಡಿಕೊಂಡೇ ಮಾಡಿ. ಬರೀ ಪಠ್ಯ ತಿದ್ದುವಾಗ ವ್ಯೂನಲ್ಲಿ ಡ್ರಾಫ್ಟ್ ಇಟ್ಟುಕೊಂಡರೆ ತೇಲುವ ಚಿತ್ರಗಳ ಕಾಟವೇ ಇಲ್ಲ.

ಸೇವ್ ಮಾಡುವಾಗ ತಡ

ಪೆನ್ ಡ್ರೈವಿನಿಂದಲೇ ಫೈಲ್ ತೆರೆದು ಕೆಲಸ ಮಾಡಬೇಡಿ. ಸೇವ್ ಮಾಡುವಾಗ ವರ್ಡ್ ತನ್ನ ತಾತ್ಕಾಲಿಕ ಫೈಲನ್ನು ಅದೇ ಫೋಲ್ಡರಿನಲ್ಲಿ ಬರೆಯುತ್ತದೆ, ಆ ಓಡಾಟವೆಲ್ಲ ಪೆನ್ ಡ್ರೈವಿನ ವೇಗದಲ್ಲೇ ಆಗುತ್ತದೆ. ಡೆಸ್ಕ್‌ಟಾಪಿಗೆ ಕಾಪಿ ಮಾಡಿ, ತಿದ್ದಿ, ವರ್ಡ್ ಮುಚ್ಚಿ, ವಾಪಸ್ ಕಾಪಿ ಮಾಡಿ.

ಹತ್ತು ನಿಮಿಷಕ್ಕೊಮ್ಮೆ ಅರೆಗಳಿಗೆ ಸಿಕ್ಕಿಕೊಂಡರೆ ಅದು ಆಟೋರಿಕವರ್: ಕರೆಂಟು ಹೋದರೂ ಕೆಲಸ ಸಿಗಲಿ ಅಂತ ವರ್ಡ್ ತಾನಾಗಿ ಒಂದು ಪ್ರತಿ ಉಳಿಸಿಕೊಳ್ಳುವುದು. ಅದನ್ನು ಪೂರ್ತಿ ತೆಗೆದುಹಾಕಿ ಅಂತ ಹೇಳುವವರಿದ್ದಾರೆ. ಸಕಲೇಶಪುರ, ಮೂಡಿಗೆರೆ ಕಡೆಯವರು ದಯವಿಟ್ಟು ಕೇಳಬೇಡಿ. ಜುಲೈ ಮಳೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಾಗದ ಊರಿನಲ್ಲಿ ಆ ಅರೆಗಳಿಗೆ ತಡೆದುಕೊಳ್ಳುವುದೇ ಲೇಸು.

ದುಡ್ಡು ಹಾಕುವುದಾದರೆ

ಖಾಲಿ ಫೈಲೂ ನಿಧಾನ, ಡಿಸ್ಕ್ ಸದಾ 100% ಅಂತಿದ್ದರೆ ನನ್ನ ಮತ ಮೊದಲು, ತಿರುಗುವ ಹಾರ್ಡ್ ಡಿಸ್ಕಿನ ಬದಲು ಹಾಕುವ ವೇಗದ ಡಿಸ್ಕಾದ ಎಸ್‌ಎಸ್‌ಡಿಗೆ, ಆಮೇಲೆ ರ್‍ಯಾಮಿಗೆ. ರ್‍ಯಾಮ್ ಕೊಳ್ಳುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಡಿಡಿಆರ್3, ಡಿಡಿಆರ್4 ಅನ್ನುವುದು ಅದರ ಬಗೆಗಳು, ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಕೂರುವುದಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ನಲ್ಲಿ 32-ಬಿಟ್ ಆಪರೇಟಿಂಗ್ ಸಿಸ್ಟಮ್ ಅಂತ ಬರೆದಿದ್ದರೆ, ನೀವು 8 ಜಿಬಿ ಹಾಕಿಸಿದರೂ ವಿಂಡೋಸ್ 10 ಬಳಸುವುದು 4 ಜಿಬಿಯೊಳಗೇ.