ಕರೆ ಮಕ್ಕಳದು, ಸಾವು ದೊಡ್ಡವರದು: ವಿಷ ಕೇಂದ್ರಗಳ ಲೆಕ್ಕ ಹೀಗೇಕೆ?

ಯಾರಾದರೂ ವಿಷವನ್ನೋ ಔಷಧಿಯನ್ನೋ ನುಂಗಿದಾಗ ಫೋನಿನಲ್ಲಿ ಸಲಹೆ ಕೊಡುವ ವಿಷ ಮಾಹಿತಿ ಕೇಂದ್ರಗಳ ವಾರ್ಷಿಕ ವರದಿ ಹೊರಬಿದ್ದಾಗಲೆಲ್ಲ, ಅಪಾಯ ಹೆಚ್ಚು ಮಕ್ಕಳಿಗೋ ದೊಡ್ಡವರಿಗೋ ಎಂಬ ವಾದ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಕೇಂದ್ರಗಳಿಗೆ ವರ್ಷಕ್ಕೆ ಬರುವ ಸುಮಾರು 20 ಲಕ್ಷ ಪ್ರಕರಣಗಳಲ್ಲಿ ಶೇ 40ರ ಆಸುಪಾಸು ಆರು ತುಂಬದ ಮಕ್ಕಳವು. ಸಾವಿನ ಪಟ್ಟಿಯಲ್ಲಿ ಮಾತ್ರ ದೊಡ್ಡವರೇ ತುಂಬಿರುತ್ತಾರೆ. ಮಗು ಒಂದು ಗುಟುಕು ಕುಡಿದರೆ ಮನೆಯವರು ತಕ್ಷಣ ಫೋನ್ ಎತ್ತುತ್ತಾರೆ. ದೊಡ್ಡವರು ಬೇಕೆಂದೇ ನುಂಗಿದಾಗ ಕರೆ ಬರುವುದು ಬಹಳ ಸಲ ಆಸ್ಪತ್ರೆಯಿಂದ, ಅದೂ ತಡವಾಗಿ. ಕರೆಗಳ ಪುಸ್ತಕದಲ್ಲಿ ವಿಷದಷ್ಟೇ ಗಾಬರಿಯೂ ದಾಖಲಾಗಿರುತ್ತದೆ ಎಂಬುದನ್ನು ಮರೆತು ಅಂಕಿ ಎಣಿಸುವವರೇ ಹೆಚ್ಚು.

ಅಮೆರಿಕದ ಮೊದಲ ಕೇಂದ್ರ ಶುರುವಾದದ್ದು 1953ರಲ್ಲಿ, ಷಿಕಾಗೊದಲ್ಲಿ. ಯಾವ ಡಬ್ಬದಲ್ಲಿ ಯಾವ ರಾಸಾಯನಿಕ ಇದೆ ಎಂದು ಲೂಯಿಸ್ ಗ್ಡಾಲ್ಮನ್ ಎಂಬ ಔಷಧ ತಜ್ಞ ಕಾರ್ಡುಗಳಲ್ಲಿ ಬರೆದಿಟ್ಟಿದ್ದ ಮಾಹಿತಿಯೇ ಅದಕ್ಕೆ ಬಂಡವಾಳ. ಆಮೇಲೆ ಊರಿಗೊಂದು ಕೇಂದ್ರವಾಗಿ ಸಂಖ್ಯೆ 600 ದಾಟಿತು, ವಿಲೀನವಾಗುತ್ತ ಈಗ 50ರ ಸುಮಾರಿಗೆ ಇಳಿದಿದೆ.

ಆ ಕಾಲದ ಖಳನಾಯಕ ಆಸ್ಪಿರಿನ್. ಮಕ್ಕಳು ಉಗುಳಬಾರದೆಂದು ಮಾತ್ರೆಗೆ ಕಿತ್ತಳೆ ರುಚಿ ಕೊಟ್ಟರು. ಮಕ್ಕಳು ಅದನ್ನು ಮಿಠಾಯಿಯೆಂದೇ ತಿಂದರು. ಕೆನಡಾದ ವಿಂಡ್ಸರ್‌ನಲ್ಲಿ ವಿಷ ಕೇಂದ್ರ ನಡೆಸುತ್ತಿದ್ದ ಮಕ್ಕಳ ವೈದ್ಯ ಆನ್ರಿ ಬ್ರೋ, ಒಂದು ರಾತ್ರಿ ಮನೆಗೆ ಬಂದು, ಮಕ್ಕಳ ಹೊಟ್ಟೆ ತೊಳೆದು ತೊಳೆದು ಸಾಕಾಗಿದೆ ಎಂದರಂತೆ. ಔಷಧಿ ಮೇಲಿಡಿ ಎಂಬ ಉಪದೇಶ ಸಾಕಷ್ಟು ನಡೆದಿತ್ತು. 1967ರಲ್ಲಿ ಅವರ ಒತ್ತಾಸೆಯಿಂದ ಬಂದದ್ದು ಅಂಗೈಯಿಂದ ಅದುಮಿ ತಿರುಗಿಸಬೇಕಾದ ಮುಚ್ಚಳ. ಪುಟ್ಟ ಕೈಗೆ ತಿರುಗಿಸುವುದು ಬರುತ್ತದೆ, ಅದುಮುವುದೂ ಬರುತ್ತದೆ. ಎರಡನ್ನೂ ಒಟ್ಟಿಗೆ ಮಾಡುವುದು ಬರುವುದಿಲ್ಲ. ಆ ಪ್ರದೇಶದಲ್ಲಿ ಮಕ್ಕಳ ವಿಷ ಪ್ರಕರಣಗಳು ಶೇ 91ರಷ್ಟು ಇಳಿದವು. ಅಮೆರಿಕದಲ್ಲಿ ಇಂಥ ಮುಚ್ಚಳಕ್ಕೆ ಕಾನೂನು ಬಂದದ್ದು 1970ರಲ್ಲಿ, ವಿಂಡ್ಸರ್ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಅದು ಕಡ್ಡಾಯವಾದದ್ದು 1974ರಲ್ಲಿ. ಅಷ್ಟು ಸಣ್ಣ ತಿರುವಿಗೆ ಅಷ್ಟು ವರ್ಷ.

ಕೇಂದ್ರಗಳ ಸಲಹೆಯೂ ಬದಲಾಗಿದೆ. ವಾಂತಿ ಮಾಡಿಸುವ ಇಪೆಕಾಕ್ ಸಿರಪ್ ಮನೆಯಲ್ಲಿರಲಿ ಎಂದು ದಶಕಗಳ ಕಾಲ ಹೇಳಿದ ಅಮೆರಿಕದ ಮಕ್ಕಳ ವೈದ್ಯರ ಸಂಘ 2003ರಲ್ಲಿ ಆ ಮಾತನ್ನು ಹಿಂಪಡೆಯಿತು. ಈಗ ಫೋನಿನಲ್ಲಿ ಕೇಳುವುದು ಮೂರು ನಾಲ್ಕು ಪ್ರಶ್ನೆ: ಡಬ್ಬದ ಮೇಲೆ ಏನು ಬರೆದಿದೆ, ಎಷ್ಟು ಕಡಿಮೆಯಾಗಿದೆ, ಮಗುವಿನ ತೂಕ ಎಷ್ಟು, ಯಾವಾಗ ಆಯಿತು. ಬಹುಪಾಲು ಕರೆಗಳು ಮನೆಯಲ್ಲೇ ಮುಗಿಯುತ್ತವೆ.

ಕೃಷಿ ಪ್ರಧಾನ ದೇಶಗಳ ಲೆಕ್ಕ ಬೇರೆ. ಅಲ್ಲಿ ಕೀಟನಾಶಕವೇ ಸಾವಿನ ದೊಡ್ಡ ಕಾರಣ. ಅತಿ ಅಪಾಯದ ಕೀಟನಾಶಕಗಳನ್ನು ಹಂತ ಹಂತವಾಗಿ ನಿಷೇಧಿಸಿದ ಶ್ರೀಲಂಕಾದಲ್ಲಿ 1995ರ ನಂತರ ಆತ್ಮಹತ್ಯೆ ಪ್ರಮಾಣ ಶೇ 70ಕ್ಕೂ ಹೆಚ್ಚು ಕುಸಿಯಿತು. ಇಲ್ಲೂ ಕೆಲಸ ಮಾಡಿದ್ದು ಉಪದೇಶವಲ್ಲ, ಅಂಗಡಿಯ ಕಪಾಟು ಖಾಲಿಯಾದದ್ದು.

ಕೇಂದ್ರಗಳ ವರದಿಯ ಇತ್ತೀಚಿನ ಪುಟಗಳಲ್ಲಿ ಗುಂಡಿಯಾಕಾರದ ಬ್ಯಾಟರಿ ಬಂದಿದೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡಬಲ್ಲದು. ಅಮೆರಿಕದಲ್ಲಿ ಆಟಿಕೆಗಳ ಬ್ಯಾಟರಿ ಮುಚ್ಚಳ ಸುಲಭವಾಗಿ ತೆರೆಯಬಾರದೆಂಬ ನಿಯಮ ಮೊದಲೇ ಇತ್ತು. ಅದೇ ಆಟಿಕೆಯ ಪಕ್ಕದಲ್ಲಿ ಬಿದ್ದಿರುತ್ತಿದ್ದ ರಿಮೋಟಿಗೂ ಇಂಥ ಕಾನೂನು ಬಂದದ್ದು 2022ರಲ್ಲಿ.